ಹೊಳೆ ಬಂದ ವರ್ಷದ ಬೆಲ್ಲ

ಭಾರತ ಹುಣ್ಣಿಮೆಯ ಜಾತ್ರೆಗೆಂದು ಚಿಂಚಲಿಗೆ ಹೋದವನು ಮಾಯಕ್ಕನ ದರ್ಶನ ಮುಗಿಸಿ ಸೋದರತ್ತೆಯ ಮನೆಯಲ್ಲಿ ಉಳಿದೆ. ಹೋಳಿಗೆ ಊಟವಾದ ಮೇಲೆ ಅತ್ತೆ ಮೂಲೆಯಿಂದ ಬಾಯಿಗೆ ಬಟ್ಟೆ ಕಟ್ಟಿದ ಗಡಿಗೆಯೊಂದನ್ನು ತಂದು ಮುಂದಿಟ್ಟರು.

“ಹೊಳಿ ಬಂದ ವರ್ಷದ ಬೆಲ್ಲ ತಮ್ಮಾ. ಪ್ಯಾಟ್ಯಾಗ ಯಾರೂ ಮುಟ್ಟಲಿಲ್ಲ. ಒಂದೀಟು ತಿಂದ್ ನೋಡು.”

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ ಉಕ್ಕಿ ರಾಯಬಾಗ, ಚಿಕ್ಕೋಡಿ, ಅಥಣಿ ಸೀಮೆಯ ಹೊಳೆದಂಡೆಯ ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ಅತ್ತೆಯ ಹೊಲವೂ ಅದರಲ್ಲಿ ಸೇರಿತ್ತು. ಹಾಗೆ ಮುಳುಗಿದ ಕಬ್ಬಿನ ಸುಳಿಗೆ ಕೆಸರು ಸೇರುತ್ತದೆ, ಗೆಣ್ಣುಗಳಲ್ಲಿ ಬೇರು ಒಡೆಯುತ್ತದೆ. ರಸದಲ್ಲಿರುವ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಹೆಚ್ಚುತ್ತವೆ. ಇವು ಹೆಚ್ಚಾದರೆ ಬೆಲ್ಲ ಸರಿಯಾಗಿ ಗಟ್ಟಿಯಾಗದು. ಗಾಳಿಯ ತೇವ ಹೀರಿ ಬೆವರುತ್ತದೆ. ಆ ವರ್ಷದ ಪೆಂಟೆಗಳಲ್ಲಿ ಹೆಚ್ಚಿನವು ಕೆಟ್ಟೇ ಹೋದವು. ಉಳಿದದ್ದು ಈ ಒಂದು ಗಡಿಗೆ.

ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದ್ರಾಕ್ಷಿಯ ವೈನಿಗೆ ವರ್ಷದ ಹಣೆಪಟ್ಟಿಯೇ ದೊಡ್ಡದು. 1961 ಎಂದರೆ ಬಲ್ಲವರ ಕಣ್ಣು ಅರಳುತ್ತದೆ. ಮಳೆ, ಕೊಳೆರೋಗದಿಂದ ಹಾಳಾದ 1963 ಎಂದರೆ ಮೂಗು ಮುರಿಯುತ್ತಾರೆ. ಹಳೆಯದಾಯಿತೆಂಬ ಮಾತ್ರಕ್ಕೆ ಬಡವಾದ ವೈನು ಬಲಗೊಳ್ಳುವುದಿಲ್ಲ. ಆದರೂ ಕೆಟ್ಟ ವರ್ಷದಲ್ಲಿ ಹಣ್ಣನ್ನು ಎಚ್ಚರದಿಂದ ಆರಿಸಿದ ತೋಟಗಳುಂಟು. ಆದ್ದರಿಂದ ನಿಜವಾದ ಪರೀಕ್ಷಕ ಪಟ್ಟಿ ಓದಿ ಸುಮ್ಮನಾಗದೆ ರುಚಿ ನೋಡಿಯೇ ಮಾತನಾಡುತ್ತಾನೆ.

ನಾನೂ ನೋಡಿದೆ. ಬಣ್ಣ ಕಾಡಿಗೆಯಂತೆ. ಮೊದಲು ಹೊಗೆಯ ವಾಸನೆ, ನಾಲಿಗೆಗೆ ಉಪ್ಪು, ಹಿಂದೆಯೇ ಹುಳಿ. ಕೊನೆಗೆ ಸಣ್ಣ ಕಹಿಯೊಡನೆ ಬಹಳ ಹೊತ್ತು ನಿಂತ ಸಿಹಿ. ಒಳ್ಳೆಯ ಬೆಲ್ಲವೆಂದರೆ ಸುಳ್ಳಾದೀತು. ಕಸವೆಂದರೂ ಸುಳ್ಳೇ. “ಹೋಳಿಗಿಗೆ ಬ್ಯಾಡ, ಹುಣಸಿ ಗೊಜ್ಜಿಗೆ ಇದರಂಥಾದ್ದು ಮತ್ತೊಂದಿಲ್ಲ,” ಎಂದರು ಅತ್ತೆ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವರ ಮೊಮ್ಮಗಳು ನಕ್ಕಳು: “ನಂದೂ ಅಂಥಾದ್ದ ವರ್ಷ ಮಾಮಾ.” ಅವಳು 2021ರ ದ್ವಿತೀಯ ಪಿಯುಸಿ ತಂಡದವಳು. ಕೊರೊನಾದಿಂದಾಗಿ ಆ ವರ್ಷ ವಾರ್ಷಿಕ ಪರೀಕ್ಷೆ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಆಧಾರದ ಮೇಲೆ ಫಲಿತಾಂಶ ಬಂದಿತ್ತು. “ಪರೀಕ್ಷೆ ಬರೀದ ಪಾಸಾದವರು” ಎಂಬ ಮಾತನ್ನು ಅವಳು ಮದುವೆಮನೆಯಲ್ಲೂ ಕೇಳಿದ್ದಾಳೆ, ಕೆಲಸದ ಸಂದರ್ಶನದಲ್ಲೂ ಕೇಳಿದ್ದಾಳೆ.

ಕೊರತೆ ಇದ್ದದ್ದು ನಿಜ. ಬಿ.ಎಸ್ಸಿ. ಮೊದಲ ವರ್ಷ ಗಣಿತ ಅವಳಿಗೆ ಅರ್ಥವಾಗಲಿಲ್ಲ. ನಾಚದೆ ಪಿಯುಸಿ ಪುಸ್ತಕವನ್ನೇ ಮತ್ತೆ ತೆಗೆದು, ತಪ್ಪಿದ ಪಾಠಗಳನ್ನು ಒಂದೊಂದಾಗಿ ಕಲಿತಳು. ಕಾಲ ಕಳೆದದ್ದರಿಂದ ಕೊರತೆ ತುಂಬಲಿಲ್ಲ, ಅವಳು ತುಂಬಿಕೊಂಡಳು.

ಪೋಷಕರೇ, ಮಗುವಿನ ವರ್ಷ ಕೆಟ್ಟದ್ದಾಗಿರಬಹುದು. ಹೊಳೆ ಬಂದದ್ದು ಕಬ್ಬಿನ ತಪ್ಪಲ್ಲ. ಹಾಗೆಂದು ಕೊರತೆಯನ್ನು ಮುಚ್ಚಿಡಲೂ ಬೇಡಿ, ಅದನ್ನೇ ಹಣೆಗೆ ಅಂಟಿಸಲೂ ಬೇಡಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕಡಿಮೆಯಾದದ್ದು ಏನೆಂದು ನೀವೇ ಮೊದಲು ರುಚಿ ನೋಡಿಕೊಳ್ಳಿ.

ಹೊರಡುವಾಗ ಅತ್ತೆ ಒಂದು ಉಂಡೆ ಕಟ್ಟಿಕೊಟ್ಟರು. ನಮ್ಮ ಮನೆಯ ಗೊಜ್ಜು ಈಗ ಅದರಿಂದಲೇ.