ಉಳಿಸಿದ ನೀರು ಯಾರ ಲೆಕ್ಕಕ್ಕೆ?



ನೀರು ಉಳಿಸಿ, ಹನಿ ನೀರಾವರಿ ಹಾಕಿಸಿ ಎಂದು ಅಧಿಕಾರಿಗಳು ಊರೂರಿಗೆ ಬಂದು ಬೋಧನೆ ಮಾಡ್ತಾರೆ. ಉಳಿಸೋಣ, ಬೇಡ ಅನ್ನೋರು ಯಾರು? ಆದರೆ ಒಂದು ಮಾತು ಕೇಳಿ: ಉಳಿದ ನೀರು ಯಾರಿಗೆ?

ಕನ್ನಂಬಾಡಿಯಿಂದ ಮಂಡ್ಯದ ಕಡೆ ಹರಿಯುವ ವಿಶ್ವೇಶ್ವರಯ್ಯ ನಾಲೆಯನ್ನೇ ನೋಡಿ. ನಾಲೆಗೆ ಸಿಮೆಂಟು ಹೊಡೆದರೆ ಸೋರಿಕೆ ನಿಲ್ಲುತ್ತೆ, ಸರಿ. ಆದರೆ ಸೋರಿದ ನೀರೆಲ್ಲ ಹಾಳಾಗಿರಲಿಲ್ಲ. ಪಕ್ಕದ ಬಾವಿಗೆ, ಕೆಳಗಿನ ಹಳ್ಳಕ್ಕೆ ಅದೇ ಒರತೆ. ಒಬ್ಬರ ಬಾವಿ ಬತ್ತಿಸಿ ಅದಕ್ಕೆ ಉಳಿತಾಯ ಎಂದು ಹೆಸರಿಟ್ಟರೆ ಅದು ಲೆಕ್ಕವಲ್ಲ, ಕಣ್ಕಟ್ಟು.

2018ರ ಫೆಬ್ರವರಿ 16ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚಿಗೆ ಬರೆದುಕೊಟ್ಟಿತು. ಕುಡಿಯೋ ನೀರಿಗೆ ನಮ್ಮ ತಕರಾರಿಲ್ಲ. ಪಟ್ಟಣದ ಪಾಲಿಗೆ ಅಂಕಿಯುಂಟು. ಸಾಲ ಮಾಡಿ ಪೈಪು ಹಾಸಿ ನೀರು ಉಳಿಸುವ ನಿಮ್ಮ ಪಾಲಿಗೆ ಅಂಕಿ ಎಲ್ಲಿದೆ?

ನಮ್ಮೊಳಗೂ ತಪ್ಪುಂಟು. ಉಳಿದದ್ದನ್ನು ನಾಲೆ ತಲೆಯವನು ಇನ್ನೆರಡು ಎಕರೆ ಕಬ್ಬಿಗೆ ಹರಿಸಿಕೊಂಡರೆ ಕೊನೆಯವನ ಗದ್ದೆಗೆ ಬರೋದು ಬರೀ ಧೂಳು.

ಮೊದಲು ತೂಬು ತೂಬಿಗೂ ಅಳತೆ ಆಗಲಿ. ಉಳಿದ ನೀರು ನಾಲೆಯ ಕೊನೆಯ ರೈತನ ಹೆಸರಿಗೆ ಕಾಗದದ ಮೇಲೆ ಬರಲಿ. ಆಮೇಲೆ ಸಿಮೆಂಟು, ಆಮೇಲೆ ಪೈಪು. ಅಲ್ಲೀತನಕ ಬೋಧನೆಗೆ ಬಂದವರನ್ನು ಕೂರಿಸಿ ಇದನ್ನೇ ಕೇಳಿ: ಸ್ವಾಮಿ, ಉಳಿದದ್ದು ಯಾರಿಗೆ?