ಅರ್ಧ ಗಂಟೆಯ ಮೇಲಿನ ಮಾತು

ಈಚೆಗೆ ನಮ್ಮ ಮನೆಗೆ ಗೇಮಿಂಗ್ ಲ್ಯಾಪ್‌ಟಾಪೊಂದು ಬಂದಿತು. ಇಂಜಿನಿಯರಿಂಗ್ ಓದುತ್ತಿರುವ ಮಗ ಎರಡು ವರ್ಷ ಕಾಡಿ ಬೇಡಿ ಕೊಡಿಸಿಕೊಂಡದ್ದು. ಓದಿಗೂ ಬೇಕು, ಆಟಕ್ಕೂ ಆದೀತು ಎಂಬುದು ಅವನ ವಾದ. ಆ ಎರಡರ ಅನುಕ್ರಮದಲ್ಲಿ ನನಗೆ ಸಂಶಯವಿದ್ದರೂ ಕೂಡಿಟ್ಟ ಹಣವನ್ನು ತೆಗೆದುಕೊಟ್ಟೆ. ಮೂರನೆಯ ರಾತ್ರಿ ಅವನು ಮುಖ ಬಾಡಿಸಿಕೊಂಡು ಬಂದು, "ಅಪ್ಪ, ನಾವು ಮೋಸಹೋದೆವು. 96 ಡಿಗ್ರಿ ಕಾಯುತ್ತಿದೆ. ಫ್ಯಾನಿನ ಸದ್ದು ಕೇಳಿ" ಎಂದ. ಸದ್ದು ನನಗೆ ಆಗಲೇ ಕೇಳಿಸಿತ್ತು. ನೆರೆಮನೆಯವರು ಹಿಟ್ಟಿನ ಗಿರಣಿ ಹಾಕಿಸಿದರೋ ಏನೋ ಎಂದುಕೊಂಡಿದ್ದೆ.

ಹಿಂದಿರುಗಿಸಿಬಿಡೋಣವೆಂಬ ಮಾತು ಮನೆಯಲ್ಲಿ ಎದ್ದಿತು. ಆದರೆ ದೂರುವ ಮೊದಲು ಅರಿಯುವುದು ನ್ಯಾಯವಲ್ಲವೆ? ತಂದೆ ಮಗ ಇಬ್ಬರೂ ಒಂದು ವಾರ ಆ ಯಂತ್ರದ ಮುಂದೆ ಕುಳಿತೆವು. ಆ ವಾರದಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾದ ಅಭಿಪ್ರಾಯ ಇಷ್ಟೆ: ಇಂಥ ಯಂತ್ರದ ಯೋಗ್ಯತೆಯನ್ನು ಅದರ ಮೊದಲ ನಿಮಿಷದಿಂದ ಅಳೆಯಬಾರದು, ಅರ್ಧ ಗಂಟೆ ದುಡಿದ ಮೇಲೆ ಅದರಲ್ಲಿ ಏನು ಉಳಿದಿದೆಯೆಂಬುದರಿಂದ ಅಳೆಯಬೇಕು.

ಲ್ಯಾಪ್‌ಟಾಪು ಸೇವಿಸುವ ವಿದ್ಯುತ್ತು ಬಹುಮಟ್ಟಿಗೆ ಎಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವಾಟ್‌ನಷ್ಟು ಶಾಖ ಹೊರಬೀಳುತ್ತದೆ. ಭರದ ಆಟದ ನಡುವೆ ಇಂಥ ಯಂತ್ರವು ಅದಕ್ಕಿಂತ ಹೆಚ್ಚಿನ ಶಾಖವನ್ನು ಎರಡು ಬೆರಳ ದಪ್ಪದ ಪೆಟ್ಟಿಗೆಯಿಂದ ಹೊರದೂಡಬೇಕು. ಅದಕ್ಕೆಂದೇ ಒಳಗೆ ಹೀಟ್ ಪೈಪುಗಳೆಂಬ ತಾಮ್ರದ ಕೊಳವೆಗಳಿವೆ. ಕೊಳವೆಯೊಳಗೆ ಕಡಮೆ ಒತ್ತಡದಲ್ಲಿ ತುಸುವೇ ನೀರು. ಚಿಪ್ಪಿಗೆ ತಗುಲಿದ ತುದಿಯಲ್ಲಿ ಅದು ಆವಿಯಾಗಿ, ಇನ್ನೊಂದು ತುದಿಗೆ ಹರಿದು, ಅಲ್ಲಿ ಶಾಖವನ್ನಿಳಿಸಿ ಮತ್ತೆ ನೀರಾಗುತ್ತದೆ. ಹಣತೆಯ ಬತ್ತಿಯಲ್ಲಿ ಎಣ್ಣೆ ಏರುವಂತೆ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಹೊದಿಕೆಯಲ್ಲಿ ಸರಿದು ಹಿಂದಿರುಗುತ್ತದೆ. ಇಳಿಸಿದ ಶಾಖವನ್ನು ಫ್ಯಾನಿನ ಗಾಳಿ ಹೊರಗೊಯ್ಯುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ರೂಪಿಸಿ ತೋರಿಸಿದ ಈ ಉಪಾಯ ಇಂದು ನಮ್ಮ ಹುಡುಗರ ಮೇಜಿನ ಮೇಲೆ ಕುಳಿತಿದೆ.

ಎಷ್ಟು ಚೆಲುವಾದ ಉಪಾಯಕ್ಕೂ ಒಂದು ಮಿತಿಯುಂಟು. ಉದಾಹರಣೆಗೆ ಇಂಟೆಲ್‌ನ ಕೋರ್ ಐ7-13700ಎಚ್ ಪ್ರೊಸೆಸರನ್ನು ನೋಡಿ. ಅದರ ಮೂಲ ಶಕ್ತಿಯ ಅಂಕೆ 45 ವಾಟ್. ಕ್ಷಣಕಾಲ ಏರಬಹುದಾದ ಎತ್ತರ 115 ವಾಟ್. 100 ಡಿಗ್ರಿಯವರೆಗೆ ಅದು ತಾಳಿಕೊಳ್ಳುವಂತೆ ಮಾಡಿದ್ದಾರೆ. ಆ ಗಡಿ ಮುಟ್ಟಿದೊಡನೆ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದುದರಿಂದ ನಮ್ಮ ಮನೆಯ 96 ಡಿಗ್ರಿ ಜ್ವರವಲ್ಲ, ಏದುಸಿರು. ಆದರೆ ಜಾಹೀರಾತಿನಲ್ಲಿ ಮೆರೆಯುವುದು ಓಟದ ಮೊದಲ ಹೆಜ್ಜೆಯ ವೇಗ. ಏದುಸಿರಿನ ಸುದ್ದಿ ಅಲ್ಲಿ ಬರುವುದಿಲ್ಲ.

ಗ್ರಾಫಿಕ್ಸ್ ಚಿಪ್ಪಿನ ಕಥೆ ಇನ್ನೂ ವಿಚಿತ್ರವಾದುದು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಡಿಯಲ್ಲಿ ಲ್ಯಾಪ್‌ಟಾಪು ತಯಾರಕರು ಅದಕ್ಕೆ 35 ವಾಟ್ ಕೊಡಬಹುದು, 115 ವಾಟನ್ನೂ ಕೊಡಬಹುದು. ತೆಳ್ಳನೆಯ ಪೆಟ್ಟಿಗೆಯಲ್ಲಿ ಅದು ಸಾಧುಪ್ರಾಣಿ, ದಪ್ಪನೆಯದರಲ್ಲಿ ಮದಿಸಿದ ಆನೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂಬ ಗಾದೆ ಇಂಥ ಕಡೆಗೂ ಒದಗುತ್ತದೆ. ಹೆಸರನ್ನು ನೋಡಿ ಹಣ ಕೊಟ್ಟವರಿಗೆ ವಾಟ್ ಎಷ್ಟೆಂದು ಕೇಳಬೇಕೆಂಬುದೇ ತಿಳಿದಿರುವುದಿಲ್ಲ.

ನಾವು ಮಾಡಿದ್ದೇನು? ಮೊದಲು ಯಂತ್ರವನ್ನು ಹಾಸಿಗೆಯಿಂದ ಎಬ್ಬಿಸಿದೆವು. ಗಾಳಿ ಒಳಸೇರುವ ರಂಧ್ರಗಳು ತಳದಲ್ಲಿವೆ. ಹತ್ತಿಯ ಹಾಸಿಗೆಯ ಮೇಲಿಟ್ಟರೆ ಅದರ ಮೂಗನ್ನು ಒತ್ತಿಹಿಡಿದಂತೆಯೇ ಸರಿ. ಮೇಜಿನ ಮೇಲಿರಿಸಿ, ಹಿಂಭಾಗಕ್ಕೆ ಎರಡು ಮರದ ತುಂಡುಗಳ ಆಸರೆ ಕೊಟ್ಟೆವು. ಬಳಿಕ ಚಿತ್ರಗಳು ಸೆಕೆಂಡಿಗೆ 60ಕ್ಕಿಂತ ಹೆಚ್ಚು ಮೂಡದಂತೆ ಕಟ್ಟುಮಾಡಿದೆವು. ಮೊದಲು ಅದು ತನ್ನ ಬಲವಿದ್ದಷ್ಟನ್ನೂ ಮೂಡಿಸುತ್ತ ದಣಿಯುತ್ತಿತ್ತು. ಅರ್ಧ ಗಂಟೆಯ ಮೇಲೆ ನೋಡಿದರೆ 79 ಡಿಗ್ರಿ! ಗಿರಣಿ ನಿಂತು ಬೀಸಣಿಗೆಯ ಸದ್ದು ಮಾತ್ರ ಉಳಿಯಿತು. "ಆಟದಲ್ಲಿ ಏನು ಕಳೆದುಕೊಂಡೆ?" ಎಂದು ಕೇಳಿದೆ. "ಗುಂಡು ಹಾರಿಸುವ ಆಟದಲ್ಲಿ ಗೊತ್ತಾಗುತ್ತದೆ, ಉಳಿದವುಗಳಲ್ಲಿ ಇಲ್ಲ" ಎಂದ. ಪ್ರಾಮಾಣಿಕವಾದ ಉತ್ತರ.

ಕ್ಷಣದ ವೇಗವೂ ವೇಗವೇ ಅಲ್ಲವೆ ಎಂದು ಕೇಳುವವರಿದ್ದಾರೆ. ನಿಜ, ಕಡತವೊಂದನ್ನು ತೆರೆಯುವುದಕ್ಕೆ ಅದು ಸಾಕು. ಆಟವಾಗಲಿ, ದೀರ್ಘವಾದ ಗಣನೆಯಾಗಲಿ ಕ್ಷಣದಲ್ಲಿ ಮುಗಿಯುವುದಿಲ್ಲ. ಅಲ್ಲದೆ ಪರೀಕ್ಷೆ ನಡೆಯುವ ತಂಪು ಕೋಣೆ ಬೇರೆ, ವೈಶಾಖದ ರಾಯಚೂರು, ಕಲಬುರಗಿಗಳ ಕೋಣೆ ಬೇರೆ. ಹೊರಗಿನ ಗಾಳಿ ಹದಿನೈದು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಅಷ್ಟೇ ಕೆಲಸಕ್ಕೆ ಒಳಗಿನ ಚಿಪ್ಪೂ ಸರಿಸುಮಾರು ಅಷ್ಟೇ ಏರುತ್ತದೆ. ಮಾರುವವರು 25 ಡಿಗ್ರಿಯ ಕೋಣೆಯಲ್ಲೂ 40 ಡಿಗ್ರಿಯ ಕೋಣೆಯಲ್ಲೂ ಅರ್ಧ ಗಂಟೆ ದುಡಿಸಿ, ಉಳಿದ ವೇಗ ಎಷ್ಟು, ಫ್ಯಾನಿನ ಸದ್ದು ಎಷ್ಟು ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಲಿ. ಅವರು ಹಾಕುವವರೆಗೆ ಕೊಳ್ಳುವವರು ಕೇಳಲಿ. ಸಾಲ ಮಾಡಿ ಮಕ್ಕಳಿಗೆ ಕೊಡಿಸುವ ತಂದೆತಾಯಿಗಳಿಗೆ ಅಷ್ಟು ಕೇಳುವ ಹಕ್ಕಿದೆ.

ಯಂತ್ರವನ್ನು ನಾವು ಹಿಂದಿರುಗಿಸಲಿಲ್ಲ. ಅದು ಕೆಟ್ಟದ್ದಾಗಿರಲಿಲ್ಲ, ನಮಗೆ ಅದರ ಪರಿಚಯವಿರಲಿಲ್ಲ, ಅಷ್ಟೆ. ಈಗ ರಾತ್ರಿಯ ಹೊತ್ತು ಮಗ ಆಡುತ್ತಿದ್ದಾನೆಯೋ ಓದುತ್ತಿದ್ದಾನೆಯೋ ಪಕ್ಕದ ಕೋಣೆಯಲ್ಲಿ ಕುಳಿತ ನನಗೆ ಸದ್ದಿನಿಂದ ತಿಳಿಯುವುದಿಲ್ಲ. ಯಂತ್ರವನ್ನು ತಂಪಾಗಿಸಿದ್ದರಿಂದ ನನಗಾದ ನಷ್ಟ ಇದೊಂದೇ.