ಉಡುವವರ ಮೈ, ಉಡಿಸುವವರ ಹೊಣೆ

ಬಟ್ಟೆಯಂಗಡಿಗೆ ಬಂದ ಗಿರಾಕಿಗೆ ಮೂರು ಸ್ವಾತಂತ್ರ್ಯಗಳಿವೆ. ಬಟ್ಟೆಯನ್ನು ಮುಟ್ಟಿ ನೋಡಬಹುದು; ಬೇಡವೆಂದು ಎದ್ದು ಹೋಗಬಹುದು; ಕೊಂಡ ಮೇಲೂ ಮೈಗೆ ಒಗ್ಗದಿದ್ದರೆ ಉಡುವುದನ್ನು ಬಿಡಬಹುದು. ಸಮವಸ್ತ್ರ ತೊಡುವ ನೌಕರನಿಗೆ ಈ ಮೂರರಲ್ಲಿ ಒಂದೂ ಇಲ್ಲ. ಬಟ್ಟೆಯನ್ನು ಆರಿಸುವವರು ಒಬ್ಬರು, ಹೊಲಿಸಿ ಒದಗಿಸುವವರು ಮತ್ತೊಬ್ಬರು, ದಿನವಿಡೀ ಅದನ್ನು ಮೈಮೇಲೆ ಹೊರುವವರು ಮೂರನೆಯವರು. ಹೆಸರೂ ಲಾಭವೂ ಮೊದಲ ಇಬ್ಬರಿಗೆ. ಬಾಧೆ ಬಂದರೆ ಅದು ಮೂರನೆಯವರ ಪಾಲಿಗೆ. ಆದಕಾರಣ ಸಮವಸ್ತ್ರವು ನಿರಪಾಯಕರವೆಂದು ಮೊದಲೇ ತೋರಿಸಿಕೊಡುವ ಹೊಣೆ ಉಡಿಸುವವರದೇ ಹೊರತು, ಅಪಾಯಕರವೆಂದು ಸಾಧಿಸುವ ಹೊಣೆ ಉಡುವವರದಲ್ಲ. ವ್ಯಾಪಾರಧರ್ಮದ ಈ ಸರಳ ಸೂತ್ರವನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕದ ವಿಮಾನ ಸಂಸ್ಥೆಗಳ 2011ರಿಂದ ಈಚಿನ ಚರಿತ್ರೆಯೇ ಸಾಕ್ಷಿ.

ಆ ವರ್ಷ ಅಲಾಸ್ಕಾ ಏರ್‌ಲೈನ್ಸ್ ಸಂಸ್ಥೆಯು ತನ್ನ ವಿಮಾನ ಪರಿಚಾರಕ ಪರಿಚಾರಕಿಯರಿಗೆ ಟ್ವಿನ್ ಹಿಲ್ ಎಂಬ ಕಂಪನಿ ಒದಗಿಸಿದ ಹೊಸ ಸಮವಸ್ತ್ರವನ್ನು ಹಂಚಿತು. ಕೆಲವೇ ತಿಂಗಳಲ್ಲಿ ದೂರುಗಳು ಬರತೊಡಗಿದವು: ಮೈಮೇಲೆ ದದ್ದು, ತುರಿಕೆ, ಕಣ್ಣುರಿ, ಗಂಟಲು ನೋವು, ಕೂದಲು ಉದುರುವಿಕೆ, ಕೆಲವರಿಗೆ ಉಸಿರಾಟದ ತೊಂದರೆ. ಇಂತಹ ದೂರು ಬಂದಾಗ ಆಡಳಿತಗಾರರು ಹೇಳುವ ಮಾತು ಒಂದೇ: ‘ಇದು ಮನಸ್ಸಿನ ಭ್ರಮೆ, ಒಬ್ಬರು ಕೆರೆದುಕೊಂಡರೆ ಎಲ್ಲರೂ ಕೆರೆದುಕೊಳ್ಳುತ್ತಾರೆ.’ ಆದರೆ ಇಲ್ಲಿ ಒಂದು ಸುದೈವವಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವಿಮಾನ ಪರಿಚಾರಕರ ಆರೋಗ್ಯದ ಮಾಹಿತಿಯನ್ನು 2007ರಿಂದಲೇ, ಅಂದರೆ ಹೊಸ ಬಟ್ಟೆ ಬರುವುದಕ್ಕೆ ಬಹಳ ಮೊದಲೇ, ಸಂಗ್ರಹಿಸಲಾರಂಭಿಸಿದ್ದರು. ಹೀಗಾಗಿ 700ರ ಸಮೀಪದ ಸಿಬ್ಬಂದಿಯ ಆರೋಗ್ಯವನ್ನು ಸಮವಸ್ತ್ರದ ಮುಂಚೆ ಮತ್ತು ಅನಂತರ ಎಂದು ತೂಗಿ ನೋಡಲು ಸಾಧ್ಯವಾಯಿತು. ಚರ್ಮದ, ಕಣ್ಣಿನ ಹಾಗೂ ಶ್ವಾಸದ ತೊಂದರೆಗಳು ಹೊಸ ಬಟ್ಟೆ ಬಂದ ಮೇಲೆ ಗಣನೀಯವಾಗಿ ಹೆಚ್ಚಿದವೆಂದು ಆ ಅಧ್ಯಯನ ತೋರಿಸಿತು. ಅಷ್ಟು ಹೊತ್ತಿಗೆ ಅಲಾಸ್ಕಾ ಸಂಸ್ಥೆಯು ಆ ಸಮವಸ್ತ್ರವನ್ನು ಕೈಬಿಟ್ಟಾಗಿತ್ತು.

ಒಬ್ಬರ ಮನೆಯ ಬೆಂಕಿಯನ್ನು ಕಂಡು ನೆರೆಮನೆಯವರು ಎಚ್ಚರಗೊಳ್ಳಬೇಕಾದುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಸುಮಾರು 70,000 ನೌಕರರಿಗೆ ಹೊಸ ಸಮವಸ್ತ್ರವನ್ನು ಕೊಟ್ಟಿತು; ಒದಗಿಸಿದ್ದು ಅದೇ ಟ್ವಿನ್ ಹಿಲ್. ಬಂದ ದೂರುಗಳೂ ಅವೇ. ಅವುಗಳ ಸಂಖ್ಯೆ ಸಾವಿರಗಳನ್ನು ದಾಟಿತು. ಬಟ್ಟೆಯನ್ನು ಹಿಂದಕ್ಕೆ ಪಡೆಯಬೇಕೆಂದು ನೌಕರರ ಸಂಘವು ಒತ್ತಾಯಿಸಿತು. ಬಟ್ಟೆ ಪರೀಕ್ಷೆಯಲ್ಲಿ ಉತ್ತೀರ್ಣವಾಗಿದೆಯೆಂದು ಸಂಸ್ಥೆಯು ಹೇಳುತ್ತಲೇ ಹೋಯಿತು. 2017ರಲ್ಲಿ ಆ ಕಂಪನಿಯೊಡನೆ ಒಪ್ಪಂದ ಮುಂದುವರಿಸುವುದಿಲ್ಲವೆಂದು ಪ್ರಕಟಿಸಿದರೂ, ಬೇರೆ ಸಮವಸ್ತ್ರ ನೌಕರರ ಕೈಸೇರಿದ್ದು 2020ರಲ್ಲಿ. ಈ ನಡುವೆ 2018ರಲ್ಲಿ ಡೆಲ್ಟಾ ಸಂಸ್ಥೆಯು ಹೆಸರಾಂತ ವಿನ್ಯಾಸಕಾರ ಜ್ಯಾಕ್ ಪೋಸನ್ ರೂಪಿಸಿದ, ಲ್ಯಾಂಡ್ಸ್ ಎಂಡ್ ಕಂಪನಿ ಹೊಲಿಸಿದ ನೇರಳೆ ಬಣ್ಣದ ಉಡುಪನ್ನು ತಂದಿತು. ಬಣ್ಣವು ಮೈಗೂ ಹಾಸಿಗೆಗೂ ಹತ್ತುತ್ತದೆ, ಆರೋಗ್ಯ ಕೆಡುತ್ತಿದೆ ಎಂದು ಆಪಾದಿಸಿ ನೌಕರರು 2019ರಲ್ಲಿ ಆ ಕಂಪನಿಯ ಮೇಲೆ ದಾವೆ ಹೂಡಿದರು. ಒಂದೇ ದಶಕದಲ್ಲಿ, ಒಂದೇ ದೇಶದಲ್ಲಿ, ಮೂರು ದೊಡ್ಡ ಸಂಸ್ಥೆಗಳಲ್ಲಿ ಒಂದೇ ಬಗೆಯ ಗೋಳು! ಇದನ್ನು ಆಕಸ್ಮಿಕವೆಂದು ಯಾವ ವಿವೇಕಿಯೂ ಹೇಳಲಾರನು.

ಇದರ ಕಾರಣವೇನೆಂಬುದು ವಿಚಾರಾರ್ಹ. ಇಂದಿನ ಸಮವಸ್ತ್ರವು ಸುಕ್ಕುಗಟ್ಟಬಾರದು, ಕಲೆ ಹಿಡಿಯಬಾರದು, ನೀರು ಹೀರಬಾರದು, ಬಣ್ಣ ಮಾಸಬಾರದು. ನೂಲಿಗೆ ಸಹಜವಲ್ಲದ ಈ ಗುಣಗಳೆಲ್ಲ ರಾಸಾಯನಿಕ ಲೇಪನದಿಂದಲೇ ಬರಬೇಕು. ಸುಕ್ಕು ತಡೆಯುವ ಹಲವು ಅಂಟುಗಳಿಂದ ಫಾರ್ಮಾಲ್ಡಿಹೈಡ್ ಹೊರಬೀಳುತ್ತದೆ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ನೂಲಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳದೆ ಇರುವುದರಿಂದ ಬೆವರಿಗೂ ಉಜ್ಜುವಿಕೆಗೂ ಬಿಟ್ಟುಕೊಳ್ಳಬಲ್ಲವು. ಇವುಗಳಲ್ಲಿ ಕೆಲವು ಚರ್ಮದ ಅಲರ್ಜಿಗೆ ಕಾರಣವೆಂದು ವೈದ್ಯರು ಬಹುಕಾಲದಿಂದ ಬಲ್ಲರು. ಅಂಗಿ, ಕೋಟು, ಕೆಳ ಉಡುಪು, ಕೊರಳಪಟ್ಟಿ ಎಲ್ಲವೂ ಅದೇ ಸಂಸ್ಕಾರದವಾದರೆ, ಮುಚ್ಚಿದ ವಿಮಾನದೊಳಗೆ ಗಂಟೆಗಟ್ಟಲೆ ಅದನ್ನು ಧರಿಸಿದವರ ಪಾಡೇನು? ಪ್ರಯಾಣಿಕನ ಕಣ್ಣಿಗೆ ಅಂದವಾಗಿ ಕಾಣಲೆಂದು ಪರಿಚಾರಕಿಯ ಚರ್ಮವನ್ನು ಪಣಕ್ಕಿಡುವುದು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಿಜಗೊಳಿಸಿದಂತೆ.

ಇದಕ್ಕೆ ಪ್ರತಿಯಾಗಿ ಮೂರು ವಾದಗಳನ್ನು ಮುಂದಿಡಲಾಗುತ್ತದೆ. ಒಂದೊಂದನ್ನೂ ಪರಿಶೀಲಿಸಬೇಕು.

ಮೊದಲನೆಯದು: ಪ್ರತಿಯೊಂದು ರಾಸಾಯನಿಕವೂ ಮಿತಿಯೊಳಗೇ ಇದೆ ಎಂಬುದು. ಯಾವ ಮಿತಿ? ಅಮೆರಿಕದ ಒಕ್ಕೂಟ ಕಾನೂನು ಉಡುಪಿನಲ್ಲಿರುವ ಫಾರ್ಮಾಲ್ಡಿಹೈಡಿಗೆ ಮಿತಿಯನ್ನೇ ಗೊತ್ತುಪಡಿಸಿಲ್ಲ. ಮಿತಿಯಿದ್ದರೂ ಅದು ಬಿಡಿಬಿಡಿ ವಸ್ತುವಿನ ಲೆಕ್ಕ. ಹತ್ತಾರು ವಸ್ತುಗಳು ಒಂದೇ ಮೈಮೇಲೆ ಕೂಡಿದಾಗ ಏನಾಗುವುದೆಂದು ಆ ಲೆಕ್ಕ ಹೇಳದು.

ಎರಡನೆಯದು: ಬಾಧೆಗೊಳಗಾದವರು ಕೆಲವೇ ಮಂದಿ, ಬಹುಮಂದಿಗೆ ಏನೂ ಆಗಿಲ್ಲ ಎಂಬುದು. ಇದು ವಾದವಲ್ಲ, ನಿರ್ದಯತೆ. ನೂರು ಮಂದಿಗೆ ಅನ್ನ ಬಡಿಸಿದ ಮನೆಯಲ್ಲಿ ಹತ್ತು ಮಂದಿ ವಾಂತಿ ಮಾಡಿಕೊಂಡರೆ, ಉಳಿದ ತೊಂಬತ್ತು ಮಂದಿ ಸುಖವಾಗಿದ್ದಾರೆಂದು ಯಜಮಾನನು ಸಮಾಧಾನಪಟ್ಟುಕೊಳ್ಳುವನೆ? ಅವನು ಮೊದಲು ಪಾತ್ರೆಯನ್ನು ನೋಡುತ್ತಾನೆ.

ಮೂರನೆಯದು: ನ್ಯಾಯಾಲಯದಲ್ಲಿ ಸಿದ್ಧವಾಗಿಲ್ಲ ಎಂಬುದು. ಅಲಾಸ್ಕಾ ಸಿಬ್ಬಂದಿಯ ದಾವೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲವೆಂಬುದು ನಿಜ. ಯಾವ ವಸ್ತು ಯಾರ ಮೈಯಲ್ಲಿ ಯಾವ ರೋಗವನ್ನು ತಂದಿತೆಂದು ನೌಕರಳೇ ಸಾಧಿಸಬೇಕೆಂದಾಗ ಆಗುವುದು ಅದೇ. ಬಟ್ಟೆಗೆ ಏನನ್ನು ಬಳಿದಿದೆಯೆಂಬ ಗುಟ್ಟು ಗಿರಣಿಯವನ ಕೈಯಲ್ಲಿ. ಅದನ್ನು ಹೊರಗೆಳೆಯುವ ಭಾರ ದದ್ದೆದ್ದ ಮೈಯವಳ ಮೇಲೆ. ಆದರೂ 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿಯೊಂದು ಅಮೆರಿಕನ್ ಏರ್‌ಲೈನ್ಸಿನ ನಾಲ್ವರು ಪರಿಚಾರಕರಿಗಾದ ಹಾನಿಯಲ್ಲಿ ಆ ಸಮವಸ್ತ್ರಕ್ಕೆ ಗಣನೀಯ ಪಾತ್ರವಿತ್ತೆಂದು ನಿರ್ಣಯಿಸಿ, ಟ್ವಿನ್ ಹಿಲ್ ಕಂಪನಿಯು ಒಟ್ಟು 10 ಲಕ್ಷ ಡಾಲರಿಗೂ ಮಿಕ್ಕಿ ಪರಿಹಾರ ಕೊಡಬೇಕೆಂದಿತು. ಬಟ್ಟೆ ತೊಟ್ಟದ್ದು 2016ರಲ್ಲಿ. ನ್ಯಾಯ ದೊರೆತದ್ದು ಏಳು ವರ್ಷಗಳ ಮೇಲೆ, ಅದೂ ನಾಲ್ವರಿಗೆ. ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತಲ್ಲವೆ?

ಮಾರ್ಗವಿಲ್ಲವೆನ್ನುವಂತಿಲ್ಲ. ಪೆಟ್ಟು ತಿಂದ ಅಲಾಸ್ಕಾ ಸಂಸ್ಥೆಯೇ ಅದನ್ನು ತೋರಿಸಿದೆ. ತನ್ನ ಮುಂದಿನ ಸಮವಸ್ತ್ರವನ್ನು ಎಲ್ಲರಿಗೂ ಹಂಚುವ ಮುನ್ನ ಅದು ಕೆಲವು ನೌಕರರಿಗೆ ಕೊಟ್ಟು, ಕೆಲಸದಲ್ಲಿ ತೊಡಿಸಿ ನೋಡಿತು. ಹಾನಿಕರ ವಸ್ತುಗಳಿಗಾಗಿ ಬಟ್ಟೆಯನ್ನು ಪರೀಕ್ಷಿಸುವ, 1992ರಿಂದ ಜಾರಿಯಲ್ಲಿರುವ ಓಯಿಕೋ-ಟೆಕ್ಸ್ ಪ್ರಮಾಣಪತ್ರವನ್ನು ಪ್ರತಿಯೊಂದು ಉಡುಪಿಗೂ ಪಡೆಯಿತು. ಅಂದಮೇಲೆ ಮೊದಲೇ ಹೀಗೆ ಮಾಡಲು ಅಡ್ಡಿಯಾದದ್ದು ವಿದ್ಯೆಯ ಕೊರತೆಯಲ್ಲ, ಕಾಳಜಿಯ ಕೊರತೆ.

ಭಾರತಕ್ಕೂ ಇದು ಪರರ ಮನೆಯ ಮಾತಲ್ಲ. 2023ರ ಡಿಸೆಂಬರಿನಲ್ಲಿ ಏರ್ ಇಂಡಿಯಾ ಸಂಸ್ಥೆಯು ಮನೀಶ್ ಮಲ್ಹೋತ್ರಾ ರೂಪಿಸಿದ ಹೊಸ ಸಮವಸ್ತ್ರವನ್ನು ಪ್ರಕಟಿಸಿತು. ಸೀರೆಯನ್ನು ಉಳಿಸಿಕೊಂಡು, ಸುಲಭವಾಗಿ ಉಡುವಂತೆ, ಬೇಕೆಂದವರು ಪ್ಯಾಂಟಿನ ಮೇಲೂ ಉಡುವಂತೆ ಮಾಡಿದ್ದು ಮೆಚ್ಚತಕ್ಕದ್ದು. ಸಿಬ್ಬಂದಿಯ ಪ್ರತಿನಿಧಿಗಳು ಮುಂಚಿತವಾಗಿ ಉಡುಪನ್ನು ಪರೀಕ್ಷಿಸಿ ನೋಡಿದರೆಂದು ಸಂಸ್ಥೆಯು ತಿಳಿಸಿದ್ದೂ ಸ್ತುತ್ಯವೇ. ಆದರೆ ಉಟ್ಟು ನೋಡುವುದು ಅರ್ಧ ಪರೀಕ್ಷೆ. ಬಟ್ಟೆಯಲ್ಲಿ ಯಾವ ಬಣ್ಣ, ಯಾವ ಲೇಪನವಿದೆಯೆಂದು ಬರೆದು ಉಡುವವರ ಕೈಗೆ ಕೊಡುವುದು ಇನ್ನರ್ಧ. ವಿನ್ಯಾಸಕಾರನ ಹೆಸರನ್ನು ಸಾರುವ ಯಾವ ಸಂಸ್ಥೆಯಾದರೂ ಬಣ್ಣದ ಹೆಸರನ್ನೂ ಹೇಳಬೇಕು. ಹಾನಿಕರವಾದ ಹಲವು ಅಜೋ ಬಣ್ಣಗಳನ್ನು 1997ರಲ್ಲೇ ನಿಷೇಧಿಸಿದ ದೇಶಕ್ಕೆ ಈ ಎಚ್ಚರ ಹೊಸದೇನಲ್ಲ.

ನಾಲ್ಕು ನಿಯಮಗಳು ಸಾಕು. ಬಟ್ಟೆಯ ರಾಸಾಯನಿಕ ವಿವರವನ್ನು ಒದಗಿಸುವವನು ಲಿಖಿತವಾಗಿ ಕೊಡಬೇಕು. ಎಲ್ಲರಿಗೂ ಹಂಚುವ ಮುನ್ನ ಕೆಲವರು ಕೆಲವು ತಿಂಗಳು ತೊಟ್ಟು ನೋಡಬೇಕು. ಒಗ್ಗದವರಿಗೆ ಸಂಬಳವನ್ನಾಗಲಿ ಕೆಲಸವನ್ನಾಗಲಿ ಕಳೆಯದೆ ಬೇರೆ ಬಟ್ಟೆ ಕೊಡಬೇಕು. ದೂರನ್ನು ಬರೆದಿಡುವ ಪುಸ್ತಕವು ಆಡಳಿತದ ಕೈಯಲ್ಲಲ್ಲದೆ ವೈದ್ಯರ ಕೈಯಲ್ಲಿರಬೇಕು. ಇವುಗಳ ಖರ್ಚು ಒಂದು ದಾವೆಯ ಖರ್ಚಿಗಿಂತ ಎಷ್ಟೋ ಕಡಿಮೆಯೆಂಬುದನ್ನು ಲೆಕ್ಕ ಬಲ್ಲ ಓದುಗರಿಗೆ ವಿವರಿಸಬೇಕಾಗಿಲ್ಲ.

ತಾನೇ ಮಾಡಿದ ಕೇಡು ಒಂದು, ಮಾಡಿಸಿದ ಕೇಡು ಇನ್ನೊಂದು, ಕಂಡೂ ಸುಮ್ಮನಿದ್ದು ಒಪ್ಪಿದ ಕೇಡು ಮತ್ತೊಂದು. ಗಿರಣಿಯವನು ಮೊದಲನೆಯದಕ್ಕೆ ಉತ್ತರ ಕೊಡಲಿ. ವಿಮಾನ ಸಂಸ್ಥೆ ಎರಡನೆಯದಕ್ಕೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದವರಲ್ಲಿ ಜವಳಿ ವ್ಯಾಪಾರಿಗಳೂ ಇದ್ದಾರೆ, ಶಾಲೆ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟುಗಳ ಧರ್ಮದರ್ಶಿಗಳೂ ಇದ್ದಾರೆ. ಮುಂದಿನ ಬಾರಿ ಮಕ್ಕಳಿಗೋ ದಾದಿಯರಿಗೋ ನೂರಾರು ಜೊತೆ ಸಮವಸ್ತ್ರಕ್ಕೆ ಆರ್ಡರು ಬರೆಯುವಾಗ, ಗಜಕ್ಕೆ ಎಷ್ಟು ಎಂದು ಕೇಳುವ ಮೊದಲು ಈ ಬಟ್ಟೆಗೆ ಏನು ಬಳಿದಿದ್ದೀರಿ ಎಂದು ಅವರು ಕೇಳಲಿ. ಉತ್ತರ ಬಾರದಿದ್ದರೆ ಆರ್ಡರಿಗೆ ಸಹಿ ಹಾಕದಿರಲಿ.